ದುರುಗೇಶನ ತಿರುಗುವ ಕುರ್ಚಿ

ತಿರುಗುವ ಕುರ್ಚಿ ಬಂದರೆ ಅದು ತನಗೇ ಎಂದು ದುರುಗೇಶ ಎಂಟು ವರ್ಷ ನಂಬಿದ್ದ. ಹೊಸಪೇಟೆಯ ಸಂಡೂರು ರಸ್ತೆಯಲ್ಲಿ ಅದಿರು ಲಾರಿಗಳ ಮಾಲೀಕ ವಿರುಪಾಕ್ಷಪ್ಪನವರ ಆಫೀಸಿನಲ್ಲಿ ಕಂಪ್ಯೂಟರ್ ಬಲ್ಲವನು ಅವನೊಬ್ಬನೇ. ಕೂರುವುದು ಮಾತ್ರ ಮೊಳೆ ಎದ್ದ ಸ್ಟೂಲಿನ ಮೇಲೆ. ಕೊನೆಗೂ ಮೆತ್ತನೆಯ ಕುರ್ಚಿ ಬಂತು. ಅದು ಹೋದದ್ದು ವಾರಕ್ಕೊಮ್ಮೆ ಪೇಪರ್ ಓದಲು ಬರುವ ಸಾಹುಕಾರರ ಅಳಿಯ ಈಶ್ವರನಿಗೆ. ಕೇಳಿದ್ದಕ್ಕೆ ಸಾಹುಕಾರರು, "ಅದರ ಮ್ಯಾಲೆ ಕುಂದ್ರಾಕ ಯೋಗ ಬೇಕಲೇ," ಅಂದರು. ಆ ಮಾತು ಮೊಳೆಗಿಂತ ಆಳಕ್ಕೆ ಚುಚ್ಚಿತು. ಕುರ್ಚಿ ಕದಿಯುವುದೆಂದು ಅವನು ಅಂದೇ ತೀರ್ಮಾನಿಸಿದ.

ಅಡ್ಡಿ ಎಂದರೆ ಆಫೀಸಿನ ಕಾವಲು ಕ್ಯಾಮೆರಾ. ಅದು ಕಂಡದ್ದೆಲ್ಲ ದಾಖಲಾಗುತ್ತಿದ್ದುದು ದುರುಗೇಶನದೇ ಕಂಪ್ಯೂಟರಿನಲ್ಲಿ, ತೆರೆಯ ಹಿಂದೆ ಕಾಣದಂತೆ ಓಡುವ ಒಂದು ಪ್ರೋಗ್ರಾಂನಿಂದ. ಆ ಪ್ರೋಗ್ರಾಂ ನಿಲ್ಲಿಸಿ ಕೊಂದ. ರಕ್ತಬೀಜಾಸುರನಂತೆ ಮತ್ತೆ ಎದ್ದಿತು, ಏಕೆಂದರೆ ಅದನ್ನು ಎಬ್ಬಿಸಲೆಂದೇ ಹಿಂದೆ ಇನ್ನೊಂದು ಕಾದು ಕುಳಿತಿತ್ತು. ಅದು ಚಾಪೆ ಕೆಳಗೆ ತೂರಿದರೆ ದುರುಗೇಶ ರಂಗೋಲಿ ಕೆಳಗೆ ತೂರುವವನು. ಕಂಪ್ಯೂಟರಿಗೆ ಅಪ್ಪಣೆಗಳ ಪಟ್ಟಿಯಂಥ ಒಂದು ಸ್ಕ್ರಿಪ್ಟ್ ಬರೆದ: ತೆರೆಯ ಹಿಂದೆ ಓಡುವುದನ್ನೆಲ್ಲ ಹುಡುಕು, ಕಂಪ್ಯೂಟರ್ ಉಸಿರಾಡಲು ಬೇಕಾದಷ್ಟನ್ನು ಬಿಟ್ಟು ಮಿಕ್ಕಿದ್ದನ್ನು ಕೊಲ್ಲು, ಎದ್ದರೆ ಮತ್ತೆ ಕೊಲ್ಲು. ಭಾನುವಾರ, ಆಫೀಸಿಗೆ ರಜೆ ಇದ್ದಾಗ, ಒಬ್ಬನೇ ಬಂದು ಪರೀಕ್ಷಿಸಿದ. ಕ್ಯಾಮೆರಾ ಕುರುಡಾಯಿತು. ತನ್ನ ಬುದ್ಧಿಗೆ ತಾನೇ ಬೆರಗಾದ. ರಜೆಯ ದಿನ ಕುರ್ಚಿ ಮಾಯವಾದರೆ ಬೀಗದ ಕೈ ಇರುವ ತನ್ನ ಮೇಲೇ ಅನುಮಾನ ಬರುತ್ತದೆಂದು ಕಳ್ಳತನವನ್ನು ಮರುದಿನಕ್ಕೆ ಇಟ್ಟುಕೊಂಡ.

ಸೋಮವಾರ ಎಂದಿನಂತೆ ಬಾಗಿಲು ತೆಗೆದು, ಊದಿನಕಡ್ಡಿ ಹಚ್ಚಿ, ಸಾಹುಕಾರರ ತಾಯಿ ಚೆನ್ನಬಸಮ್ಮನವರ ಅಪ್ಪಣೆಯಂತೆ ಕಂಪ್ಯೂಟರಿನಲ್ಲಿ ದೇವರ ಹಾಡು ಹಾಕಿದ. ಸಂಜೆ ಬಾಗಿಲು ಮುಚ್ಚುವ ತನಕ ಅದು ತನ್ನ ಪಾಡಿಗೆ ಹಾಡುವುದು ಆಫೀಸಿನ ಪದ್ಧತಿ. ಮಧ್ಯಾಹ್ನ ಸಾಹುಕಾರರು ರೊಟ್ಟಿ ಉಂಡು ಒಳಕೋಣೆಯಲ್ಲಿ ಅಡ್ಡಾದರು. ಲಾರಿಗಳು ಕಿವಿಯ ಹತ್ತಿರವೇ ಹಾರ್ನ್ ಹೊಡೆದರೂ ಕೆಡದ ನಿದ್ದೆ ಅವರದು. ಹೊರಗೆ ಅವನು ಮೊದಲೇ ಗೊತ್ತುಮಾಡಿದ್ದ ಗೆಳೆಯ ಜಡೆಪ್ಪನ ಆಟೋ ಕಾಯುತ್ತಿತ್ತು. ಕುರ್ಚಿ ಕಂಪ್ಲಿಯ ತನ್ನ ಮನೆ ಸೇರಿದರೆ ಗೆದ್ದಂತೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ನಿಜ, ಆದರೆ ಸಿಕ್ಕಿಬೀಳುವವರು ದಡ್ಡರು. ಸ್ಕ್ರಿಪ್ಟ್ ಓಡಿಸಿದ. ಕ್ಯಾಮೆರಾ ಸತ್ತಿತು. ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹೊಸ್ತಿಲಿಗೆ ಬರುವಷ್ಟರಲ್ಲಿ ಒಳಗೆ ಮಂಚ ಕಿರುಗುಟ್ಟಿತು.

ವಿರುಪಾಕ್ಷಪ್ಪನವರು ಪಂಚೆ ಬಿಗಿಯುತ್ತ ಗಾಬರಿಯಿಂದ ಬಂದರು. "ಯಾಕಲೇ ದುರುಗ್ಯಾ, ಹಾಡು ನಿಂತೈತಿ?" ಎಂದವರ ಕಣ್ಣು ನಿಧಾನವಾಗಿ ಅವನ ತಲೆಯ ಮೇಲಕ್ಕೆ ಏರಿತು. ದುರುಗೇಶನಿಗೆ ಆಗಲೇ ಆಫೀಸಿನ ಮೌನ ಕೇಳಿಸಿದ್ದು. ಎಂಟು ವರ್ಷ ಕೇಳಿ ಕೇಳಿ ಅವನ ಕಿವಿ ಆ ಹಾಡನ್ನು ಮರೆತೇಬಿಟ್ಟಿತ್ತು, ಭಾನುವಾರದ ಪರೀಕ್ಷೆಯಲ್ಲಿ ಅವನು ಅದನ್ನು ಹಾಕಿರಲೂ ಇಲ್ಲ. ಅದೂ ತೆರೆಯ ಹಿಂದೆ ಓಡುತ್ತಿತ್ತು, ಸ್ಕ್ರಿಪ್ಟ್ ಅದನ್ನೂ ಕೊಂದಿತ್ತು; ಜೋಗುಳ ನಿಂತರೆ ಕೂಸು ಏಳುತ್ತದೆ.