ಮರ ಕುಡಿದ ಪಾಲು

ಮಡಂತ್ಯಾರಿನಲ್ಲಿ ಸಾರಾಯಿಯ ಒಂದು ಪೀಪಾಯಿ ಇತ್ತು. ಅದರ ಬಿರಡೆಯನ್ನು ಒಂದೇ ಒಂದು ಸಲ ತೆಗೆದರೆ ಸಾಕು, ಅತ್ತ ಬಂಟ್ವಾಳದಲ್ಲಿ ನೇತ್ರಾವತಿಯ ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ಈಜುತ್ತಿದ್ದವು! ಮೂಡುಬಿದಿರೆಯ ಬಸ್ಸಿನ ಡ್ರೈವರ್ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಗಾಡಿ ಹತ್ತುತ್ತಲೇ ಇರಲಿಲ್ಲ!

ನಂಬುವುದಿಲ್ಲವೇ? ಬೇಡ ಬಿಡಿ. ಆದರೆ ಆ ಪೀಪಾಯಿ ಕಟ್ಟಿದವನ ಹೆಸರು ಲೋಕನಾಥ ಎಂಬುದನ್ನಾದರೂ ನಂಬಿ. ಆರಡಿ ಎತ್ತರ, ಬಾಗಿಲಿನಷ್ಟು ಎದೆ. ಅವನು ರಸ್ತೆಯಲ್ಲಿ ನಡೆದರೆ ಬಾವಿಕಟ್ಟೆಯಲ್ಲಿದ್ದ ಹುಡುಗಿಯರು ಕೊಡದ ಬದಲು ಹಗ್ಗವನ್ನೇ ಸೊಂಟಕ್ಕಿಟ್ಟುಕೊಂಡು ಮನೆಗೆ ಹೋಗುತ್ತಿದ್ದರು.

ಅಂಥವನನ್ನು ಕುಸುಮ ಮೊದಲ ದಿನವೇ ಮೋಸಗಾರ ಎಂದು ಕರೆದಳು!

ಅದು ಅರವತ್ತೆಂಟನೇ ಇಸವಿ. ಪಾನನಿರೋಧ ಹೋಗಿ ಅಂಗಡಿಗಳಿಗೆ ಲೈಸೆನ್ಸ್ ಬಂದ ಹೊಸತು. ಶೀನಪ್ಪನ ಸಾರಾಯಿ ಅಂಗಡಿಯ ಹಿಂದಿನ ಅಂಗಳದಲ್ಲಿ ಅವನ ತಂಗಿಯ ಮಗಳು ಕುಸುಮ ಸೆರಗು ಸಿಕ್ಕಿಸಿ ನಿಂತಿದ್ದಳು. ಎದುರಿಗೆ ಹನ್ನೆರಡು ಬಾಟ್ಲಿ ಹಿಡಿಯುವ ಪುಟ್ಟ ಪೀಪಾಯಿ. ಅದನ್ನು ಬಂಟ್ವಾಳದಿಂದ ಹೊತ್ತು ತಂದ ಲೋಕನಾಥ ಬೆವರೊರೆಸಿಕೊಳ್ಳುತ್ತಿದ್ದ.

ಅವಳು ಕೊಡದ ನೀರನ್ನು ಪೀಪಾಯಿಗೆ ಸುರಿದಳು. ನೂರೆಂಟು ಕಡೆಯಿಂದ ಕಾರಂಜಿ ಚಿಮ್ಮಿತು!

"ಇದು ಪೀಪಾಯಿಯಾ, ಅಕ್ಕಿ ತೊಳೆಯುವ ಜಾಲರಿಯಾ?"

"ನೀರು ಕುಡೀಲಿ ಬಿಡಿ," ಎಂದ ಲೋಕನಾಥ. "ಬಾಯಾರಿದೆ ಅದಕ್ಕೆ."

"ಮರಕ್ಕೆ ಬಾಯಾರಿಕೆಯಾ? ನನ್ನನ್ನು ಎಂತ ಅಂತ ಮಾಡಿದ್ದೀರಿ? ಮೋಸಗಾರ!"

ಅವನು ಸಿಟ್ಟಾಗಲಿಲ್ಲ. ಪೀಪಾಯಿಯ ಹೊಟ್ಟೆಯನ್ನು ಮಗುವಿನ ಬೆನ್ನು ತಟ್ಟುವಂತೆ ತಟ್ಟಿದ. "ಇದು ಬಿಲಾತಿಯ ಓಕ್ ಮರ. ಮಂಗಳೂರು ಬಂದರಿನಲ್ಲಿ ಒಡೆದು ಹಾಕಿದ ಹಡಗಿನ ದೊಡ್ಡ ಪೀಪಾಯಿಯ ಹಲಗೆ. ನಾನೇ ಕೆತ್ತಿದ್ದೇನೆ. ಒಳಗೆ ತೆಂಗಿನ ಗೆರಟೆಯ ಬೆಂಕಿಯಲ್ಲಿ ಸುಟ್ಟಿದ್ದೇನೆ. ಸುತ್ತ ಗಾಡಿ ಚಕ್ರದ ಪಟ್ಟಿ. ಮೂರು ದಿನ ನೀರು ಹಾಕ್ತಾ ಇರಿ. ಹಲಗೆ ಉಬ್ಬಿ ತಾನೇ ಬಾಯಿ ಮುಚ್ಚಿಕೊಳ್ತದೆ. ನಿಮ್ಮ ಹಾಗಲ್ಲ."

"ಎಂತ ಅಂದ್ರಿ?"

"ಎಂತ ಇಲ್ಲ. ಮೂರು ದಿನ ಬಿಟ್ಟು ಬರ್ತೇನೆ."

ಮೂರನೇ ದಿನ ಪೀಪಾಯಿಯಿಂದ ಒಂದು ಹನಿಯೂ ಬೀಳಲಿಲ್ಲ. ಕುಸುಮಳ ಬಾಯಿಂದ ಒಂದು ಮಾತೂ ಬೀಳಲಿಲ್ಲ. ಲೋಕನಾಥ ಬಗ್ಗಿ ಕೆಳಗೆಲ್ಲ ಕೈಯಾಡಿಸಿ, ಉಳಿ ಹಿಡಿದು ಏನೋ ನಯ ಮಾಡಿ ಎದ್ದ.

"ಆದರೂ ವಾರಕ್ಕೊಮ್ಮೆ ಬಂದು ನೋಡ್ಬೇಕು," ಎಂದ ಗಂಭೀರವಾಗಿ. "ಹೊಸ ಪೀಪಾಯಿ ಅಲ್ಲವಾ..."

ಕುಸುಮಳಿಗೆ ಈ ಪೀಪಾಯಿ ಆಟವಾಗಿರಲಿಲ್ಲ. ತೀರಿಕೊಂಡ ತಂದೆ ಚಿನ್ನಯ್ಯ ಘಟ್ಟದ ಮೇಲೆ ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಅಡುಗೆಯವನಾಗಿದ್ದ. ದೊರೆಯ ಕೋಣೆಯಲ್ಲೊಂದು ಪುಟ್ಟ ಪೀಪಾಯಿ ಇತ್ತಂತೆ. ನೀರಿನಂಥ ಬಿಳಿ ಮದ್ಯ ಹಾಕಿದರೆ ಆರು ತಿಂಗಳಲ್ಲಿ ಜೇನಿನ ಬಣ್ಣಕ್ಕೆ ತಿರುಗಿ, ಗಂಟಲು ಸುಡದೆ ಇಳಿಯುತ್ತಿತ್ತಂತೆ. ಅಪ್ಪ ಹೇಳಿದ ಆ ಮಾತು ಅವಳ ತಲೆಯಲ್ಲಿ ಬೇರು ಬಿಟ್ಟಿತ್ತು.

ಅಷ್ಟರಲ್ಲಿ ಮನೆಯ ಯಜಮಾನನಾದ ಮಾವ ಶೀನಪ್ಪ ಅವಳಿಗೊಂದು ಗಂಡು ಗೊತ್ತು ಮಾಡಿದ್ದ. ಕನ್ಯಾನದ ರಮಾನಾಥ. ಹೆಣ್ಣು ನೋಡಲು ಬಂದವನು ಎಮ್ಮೆ ಕೊಳ್ಳುವವನ ಹಾಗೆ ಅವಳ ಹಲ್ಲು ನೋಡಿ ಹೋಗಿದ್ದ!

"ಆರು ತಿಂಗಳು ಕೊಡಿ ಮಾವ," ಎಂದಿದ್ದಳು ಕುಸುಮ. "ನಿಮ್ಮ ಅಂಗಡಿಯ ಸಾರಾಯಿ ಹನ್ನೆರಡು ಬಾಟ್ಲಿ ಪೀಪಾಯಿಗೆ ಹಾಕ್ತೇನೆ. ಎಂಟು ಬಾಟ್ಲಿಯಾದರೂ ಒಳ್ಳೆಯದು ತೆಗೆದು ತೋರಿಸಿದರೆ ಅಂಗಡಿ ನಾನು ನಡೆಸ್ತೇನೆ, ಮದುವೆ ನನ್ನ ಇಷ್ಟ."

"ಆಗದಿದ್ದರೆ?"

"ಆಗದಿದ್ದರೆ ಕನ್ಯಾನದವನಿಗೇ ಕುತ್ತಿಗೆ ಕೊಡ್ತೇನೆ. ಎರಡನೇ ಮಾತಿಲ್ಲ."

ಶೀನಪ್ಪ ನಕ್ಕಿದ್ದ. ನಗಲಿ! ಅವಳು ಹನ್ನೆರಡು ಬಾಟ್ಲಿ ಸುರಿದು, ಬಿದಿರಿನ ಕಡ್ಡಿ ಇಳಿಸಿ ಅಳತೆಗೆ ಗೀರು ಹಾಕಿದಳು. ಈ ಪಂತದ ವಿಷಯ ಲೋಕನಾಥನಿಗೆ ಮಾತ್ರ ಗೊತ್ತಿರಲಿಲ್ಲ. ಅವನಿಗೆ ಹೇಳಿದರೆ ಕರುಣೆ ತೋರಿಸಿಯಾನು... ಅದು ಅವಳಿಗೆ ಬೇಕಿರಲಿಲ್ಲ.

ಗುರುವಾರ ಬಂದರೆ ಲೋಕನಾಥ ಹಾಜರು. ಮಳೆ ಬರಲಿ, ಬಸ್ಸು ಕೆಡಲಿ, ಸೇತುವೆಯೇ ಕೊಚ್ಚಿಹೋಗಲಿ, ಅವನು ಈಜಿಕೊಂಡಾದರೂ ಬರುತ್ತಿದ್ದ! ಮರದ ಕೊಡತಿಯಿಂದ ಪಟ್ಟಿಗೆ ನಾಲ್ಕು ಪೆಟ್ಟು. ಆಮೇಲೆ ಪೀಪಾಯಿಗೆ ಕಿವಿಯಿಟ್ಟು ಕೂರುವುದು.

"ಎಂತ ಕೇಳ್ತಾ ಉಂಟು?" ಎಂದಳು ಒಂದು ದಿನ.

"ಮರ ಮಾತಾಡ್ತಾ ಉಂಟು. ಬನ್ನಿ, ಆಚೆ ಕಡೆಯಿಂದ ಕೇಳಿ."

ಅವಳು ಆಚೆ ಬದಿಗೆ ಕಿವಿಯಿಟ್ಟಳು. ಏನೂ ಕೇಳಲಿಲ್ಲ. ನಡುವೆ ಒಂದು ಮೊಳ ಓಕ್ ಮರ, ಹನ್ನೆರಡು ಬಾಟ್ಲಿ ಸಾರಾಯಿ... ಆದರೂ ಅವನ ಉಸಿರು ತನ್ನ ಕೆನ್ನೆಗೆ ತಾಗಿದ ಹಾಗೆ! ದಡಬಡ ಎಂದು ಬಡಿದುಕೊಳ್ಳುತ್ತಿದ್ದುದು ಪೀಪಾಯಿಯೋ, ಅವಳ ಎದೆಯೋ?

"ಎಂತ ಹೇಳ್ತದೆ?" ಎಂದು ಪಿಸುಗುಟ್ಟಿದ ಅವನು.

"ನಿಮಗೆ ಬಸ್ಸಿಗೆ ಹೊತ್ತಾಯ್ತು ಅಂತ," ಎಂದು ಎದ್ದು ಒಳಗೋಡಿದಳು.

ಮೂರನೇ ತಿಂಗಳು ಕಡ್ಡಿ ಇಳಿಸಿ ನೋಡಿದವಳು ಅದನ್ನು ಒರೆಸಿ ಮತ್ತೊಮ್ಮೆ ಇಳಿಸಿದಳು. ಗೀರಿಗಿಂತ ಎರಡು ಬೆರಳು ಕೆಳಗೆ! ಹೀಗೇ ಇಳಿದರೆ ಆರನೇ ತಿಂಗಳಿಗೆ ಎಂಟು ಬಾಟ್ಲಿ ಎಲ್ಲಿ ಬಂತು?

ಬಾಗಿಲಲ್ಲಿ ನಿಂತ ಶೀನಪ್ಪ ವೀಳ್ಯ ಜಗಿಯುತ್ತಾ ಹೇಳಿದ, "ನಿನ್ನ ಪೀಪಾಯಿಗೆ ಬಾಯಿ ಉಂಟು ಕುಸುಮ. ಆ ಬಾಯಿಗೆ ಮೀಸೆಯೂ ಉಂಟು. ಪ್ರತಿ ಗುರುವಾರ ಬಂಟ್ವಾಳದಿಂದ ಬರ್ತದೆ."

ಅವಳ ಎದೆಯಲ್ಲಿ ಕೆಂಡ ಬಿದ್ದಂತಾಯಿತು. ಹಾಗಾದರೆ ಅವನು ಬರುತ್ತಿದ್ದುದು... ಇದಕ್ಕಾ?

ಗುರುವಾರ ಲೋಕನಾಥ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಅವಳು ಕಡ್ಡಿಯನ್ನು ಅವನ ಮೂಗಿನೆದುರು ಹಿಡಿದಳು.

"ಎರಡು ಬೆರಳು ಎಲ್ಲಿ ಹೋಯ್ತು?"

ಅವನ ಮುಖ ಒಂದು ಕ್ಷಣ ಬಿಳಿಚಿತು. "ಅದು... ಮರ ಕುಡೀತದೆ."

"ಮೂರು ದಿನ ನೀರು ಕುಡಿದದ್ದು ಸಾಲಲಿಲ್ಲವಾ ನಿಮ್ಮ ಮರಕ್ಕೆ?"

"ನೀರಿನಲ್ಲಿ ಅದರ ಬಾಯಾರಿಕೆ ಹೋಗುದು. ಸಾರಾಯಿಯಲ್ಲಿ ಅದಕ್ಕೆ ರುಚಿ ಹತ್ತುದು. ಕುಡಿದು ಗಾಳಿಗೆ ಬಿಡ್ತದೆ. ಬಂದರಿನಲ್ಲಿ ಎಲ್ಲರಿಗೂ ಗೊತ್ತುಂಟು."

"ಇನ್ನೂ ಸುಳ್ಳು! ನಿಮಗೆ ಇದು ತಮಾಷೆ. ಎಂಟು ಬಾಟ್ಲಿ ಉಳಿಯದಿದ್ದರೆ ನಾನು ಕನ್ಯಾನದವನಿಗೆ ಕುತ್ತಿಗೆ ಕೊಡ್ಬೇಕು, ಗೊತ್ತುಂಟಾ? ಮಾವನ ಹತ್ತಿರ ಮಾತು ಕೊಟ್ಟಿದ್ದೇನೆ!"

ಲೋಕನಾಥನ ಕೈಯಿಂದ ಕೊಡತಿ ಕೆಳಗೆ ಬಿತ್ತು.

"ಎಂಟು ಬಾಟ್ಲಿಯಾ? ಮದುವೆಯಾ? ಮೊದಲೇ ಯಾಕೆ ಹೇಳಲಿಲ್ಲ! ಕುಸುಮ, ಒಂದು ಸಲ ಪೀಪಾಯಿ ನೋಡ್ಲಿಕ್ಕೆ ಬಿಡಿ... ಒಂದೇ ಪೆಟ್ಟು..."

"ಮುಟ್ಟಬೇಡಿ! ಇನ್ನು ಈ ಅಂಗಳಕ್ಕೆ ಬರಬೇಡಿ."

ಅವನು ಹೋದ. ಆ ದಿನ ಮಡಂತ್ಯಾರಿನಲ್ಲಿ ಎಷ್ಟು ಕಣ್ಣೀರು ಹರಿಯಿತೆಂದರೆ ಕೆಳಗಿನ ಗದ್ದೆಗಳಿಗೆ ಮೂರನೇ ಬೆಳೆಗೂ ನೀರು ಸಾಕಾಯಿತು!

ಆದರೆ ಕುಸುಮ ಅಳುತ್ತಾ ಕೂರುವ ಹೆಣ್ಣಲ್ಲ. ಬಿರಡೆಯ ಸುತ್ತ ಅರಗು ಕಾಯಿಸಿ ಹಚ್ಚಿ, ತನ್ನ ಹೆಬ್ಬೆರಳನ್ನು ಒತ್ತಿ ಮುದ್ರೆ ಹಾಕಿದಳು. ಪೀಪಾಯಿಯನ್ನು ಅಂಗಳದ ಪಕ್ಕದ ಕೋಣೆಗೆ ಸಾಗಿಸಿ ಬೀಗ ಹಾಕಿದಳು. ಬೀಗದ ಕೈ ಸೊಂಟದಲ್ಲಿ. ಇನ್ನು ಇಳಿಯಲಿ ನೋಡುವ!

ಒಂದು ವಾರ ಕಳೆಯಿತು. ಮುದ್ರೆ ಹಾಕಿದ್ದ ಹಾಗೇ ಇತ್ತು, ಅವಳ ಹೆಬ್ಬೆರಳಿನ ಗೆರೆ ಕೂಡ ಅಳಿಸಿರಲಿಲ್ಲ. ಅರಗು ಒಡೆದು ಕಡ್ಡಿ ಇಳಿಸಿದಳು.

ಇಳಿದಿತ್ತು!

ಕದ್ದವರಿಲ್ಲ, ಮುಟ್ಟಿದವರಿಲ್ಲ. ಅಂದರೆ... ಅವನು ಕಳ್ಳನಲ್ಲ! 'ಅಯ್ಯೋ, ನಾನು ಎಂಥ ಮಾತು ಆಡಿಬಿಟ್ಟೆ...'

ಇನ್ನೆರಡು ವಾರ ಅವಳು ತನ್ನ ಹಟದೊಂದಿಗೆ ಜಗಳವಾಡಿದಳು. ಮೂರನೇ ಗುರುವಾರ ಬೆಳಗಿನ ಬಸ್ಸು ಹತ್ತಿ ಬಂಟ್ವಾಳದಲ್ಲಿ ಇಳಿದಳು.

ಲೋಕನಾಥ ತನ್ನ ಕೊಟ್ಟಿಗೆಯಲ್ಲಿ ಹಲಗೆ ಕೆತ್ತುತ್ತಿದ್ದ. ತಲೆ ಎತ್ತಿದವನು ಉಳಿಯನ್ನು ಬೆರಳಿಗೇ ಹೊಡೆದುಕೊಂಡ.

"ಮರ ಕುಡೀತದೆ," ಎಂದಳು ಕುಸುಮ. "ನೀವು ಹೇಳಿದ್ದು ನಿಜ. ನಾನು ತಪ್ಪು ಮಾತಾಡಿದೆ."

ಅವನು ರಕ್ತ ಸೋರುವ ಬೆರಳನ್ನು ನೋಡುತ್ತಾ ನಿಂತ.

"ನಾನು ಸಾರಾಯಿಗೆ ಬರ್ತಿದ್ದದ್ದಲ್ಲ, ಕುಸುಮ," ಎಂದ ಕೊನೆಗೆ.

"ಗೊತ್ತುಂಟು."

"ಮತ್ತೆ ಯಾವುದಕ್ಕೆ ಅಂತಲೂ ಗೊತ್ತುಂಟಾ?"

ಅವಳು ತನ್ನ ಸೆರಗಿನ ಅಂಚು ಹರಿದು ಅವನ ಬೆರಳಿಗೆ ಕಟ್ಟಿದಳು. ಗಂಟು ಸ್ವಲ್ಪ ಬಿಗಿಯಾಗಿಯೇ ಹಾಕಿದಳು.

"ಹೇಳದೆ ಹೇಗೆ ಗೊತ್ತಾಗ್ಬೇಕು? ಪೀಪಾಯಿಗೆ ಕಿವಿಯಿಟ್ಟ ಹಾಗೆ ನಿಮ್ಮ ಎದೆಗೂ ಕಿವಿಯಿಡಬೇಕಾ?"

"ಇಟ್ಟರೆ ಬೇಡ ಅನ್ನುದಿಲ್ಲ..."

"ಬಾಯಿ ಮುಚ್ಚಿ. ಬನ್ನಿ, ಹೋಗುವ. ಹನ್ನೊಂದರ ಬಸ್ಸು ತಪ್ತದೆ."

ಮಡಂತ್ಯಾರಿಗೆ ಬಂದವನು ನೀರು ಕೂಡ ಕುಡಿಯದೆ ನೇರ ಪೀಪಾಯಿಯ ಕೋಣೆಗೆ ಹೋದ. ಕೆಳಗೊಂದು ಗೆರಟೆ ಬಿದ್ದಿತ್ತು. ಅದನ್ನು ಕಾಲಿನಿಂದ ಆಚೆ ಸರಿಸಿ, ಬೆನ್ನು ತಿರುಗಿಸಿ ಕೂತು ತುಂಬಾ ಹೊತ್ತು ಪಟ್ಟಿಗೆ ಹೊಡೆದ. ಕುಸುಮ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಪ್ರೀತಿಯ ನಗು, ಇನ್ನೇನು!

ಆರನೇ ತಿಂಗಳು ಮುಗಿದ ದಿನ ಪೀಪಾಯಿಯಿಂದ ಒಂದೊಂದೇ ಬಾಟ್ಲಿ ತುಂಬಿತು. ಆರು... ಏಳು... ಎಂಟು... ಒಂಬತ್ತು! ಜೇನಿನ ಬಣ್ಣ. ಒಂದು ಗುಟುಕು ಬಾಯಿಗಿಟ್ಟ ಶೀನಪ್ಪ ಹದಿನೇಳು ಸಲ ನಾಲಿಗೆ ಚಪ್ಪರಿಸಿದ. ಅವನ ಇಪ್ಪತ್ತು ವರ್ಷದ ಕೆಮ್ಮು ಅಲ್ಲೇ ನಿಂತಿತು. ಅಂಗಡಿಯ ಬೀಗದ ಕೈಯನ್ನು ಕುಸುಮಳ ಕೈಯಲ್ಲಿಟ್ಟು, "ಕನ್ಯಾನಕ್ಕೆ ನಾನೇ ಹೇಳಿ ಕಳಿಸ್ತೇನೆ," ಎಂದ.

ಕುಸುಮ ಗೆದ್ದಳು. ಲೋಕನಾಥನಿಗೆ ಅವಳು ಸಿಕ್ಕಳು. ಎಲ್ಲ ಆ ಮರದ ಬಾಯಾರಿಕೆಯಿಂದ!

ಇಷ್ಟು ಹೇಳಿ, ಚಾವಡಿಯಲ್ಲಿ ವಿಟ್ಲದ ನೆಂಟರ ನಡುವೆ ಕೂತಿದ್ದ ಕಥೆಗಾರ ನರೆತ ಮೀಸೆ ತಿರುವಿದ. ಆ ಕಥೆಗಾರ ಲೋಕನಾಥನೇ ಅಲ್ಲದೆ ಬೇರೆ ಯಾರು?

"ಆರಡಿಯಾ?" ಎಂದು ಒಳಗಿನಿಂದ ಸ್ವರ ಬಂತು. ಕುಸುಮ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನನ್ನ ಕಿವಿಯವರೆಗೆ ಬರ್ತೀರಿ ನೀವು. ಮತ್ತೆ ಸೋರಿದ್ದು ನೂರೆಂಟು ಕಡೆ ಅಲ್ಲ, ಏಳು ಕಡೆ. ಅದೆಲ್ಲ ಇರಲಿ. ಆ ಐದನೇ ಹಲಗೆಯ ಕಥೆ ಯಾಕೆ ಬಿಟ್ರಿ?"

ಲೋಕನಾಥನ ಕೈ ಮೀಸೆಯಲ್ಲೇ ನಿಂತಿತು.

"ಯಾವ... ಯಾವ ಐದನೇ ಹಲಗೆ?"

"ಅಡಿಯದ್ದು. ಉಳಿಯ ಗುರುತು ಇದ್ದದ್ದು."

ನೆಂಟರೆಲ್ಲ ಅವನ ಕಡೆ ತಿರುಗಿದರು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಕೂದಲೆಳೆಯಷ್ಟು ಕೆತ್ತಿದ್ದೆ," ಎಂದ ಸಣ್ಣ ಸ್ವರದಲ್ಲಿ. "ಹನಿ ಹನಿ ಸೋರಿದರೆ ವಾರವಾರ ಬರ್ಲಿಕ್ಕೆ ನೆವ ಆಗ್ತದಲ್ಲ ಅಂತ. ಪಂತದ ವಿಷಯ ನನಗೆ ಗೊತ್ತಿರಲಿಲ್ಲ, ದೇವರಾಣೆ! ಗೊತ್ತಾದ ಮೇಲೆ ನೀನು ಮುಟ್ಲಿಕ್ಕೆ ಬಿಡಲಿಲ್ಲ. ಮರ ಕುಡೀತದೆ ಅಂದದ್ದು ಬಾಯಿಗೆ ಬಂದದ್ದು. ಬಂದರಿನಲ್ಲಿ ಯಾರೂ ಹಾಗೆ ಹೇಳಿದ್ದಲ್ಲ."

"ಮರ ಕುಡಿದದ್ದು ನಿಜ," ಎಂದಳು ಕುಸುಮ. "ಮುದ್ರೆ ಒಡೆದ ದಿನವೇ ಅಡಿಯಲ್ಲಿ ಹನಿ ಕಂಡೆ. ಅವತ್ತಿಂದ ಗೆರಟೆ ಇಟ್ಟು ಹಿಡಿದು, ದಿನಾ ವಾಪಸು ಸುರಿದೆ. ಆದರೂ ಸ್ವಲ್ಪ ಇಳೀತಿತ್ತು. ನೀವು ಹೇಳಿದ ಸುಳ್ಳೇ ನಿಜ ಆಗಿತ್ತು."

"ನಾನಿಲ್ಲದ ಮೂರು ವಾರ ಪೀಪಾಯಿ ಖಾಲಿಯಾಗದೆ ಉಳಿದದ್ದು ದೈವ ಕಾಪಾಡಿದ್ದು ಅಂತ ಇಷ್ಟು ವರ್ಷ ಕೈ ಮುಗಿದೆನಲ್ಲ!"

"ದೈವ ಅಲ್ಲ. ಗೆರಟೆ."

"ಎಲ್ಲ ಗೊತ್ತಿದ್ದೂ ಬಂಟ್ವಾಳಕ್ಕೆ ಬಂದು ತಪ್ಪಾಯ್ತು ಅಂದೆಯಾ?"

"ಕದಿಯುವವ ಬಿರಡೆ ತೆಗೀತಾನೆ. ಅಡಿಯಲ್ಲಿ ಕೆತ್ತುವವ ಮತ್ತೆ ಬರ್ಲಿಕ್ಕೆ ಕೆತ್ತಿದ್ದು. ಅಷ್ಟು ನನಗೆ ಅರ್ಥ ಆಗುದಿಲ್ಲವಾ?"

"ಸೋರ್ತದೆ ಅಂತ ಹೇಳಬಹುದಿತ್ತಲ್ಲ, ಮಾರಾಯ್ತಿ!"

"ಹೇಳಿದ್ದರೆ ನೀವು ನಾಚಿಕೆಯಲ್ಲಿ ಸರಿ ಮಾಡಿ ಹೋಗ್ತಿದ್ದಿರಿ. ಮತ್ತೆ ಬರ್ಲಿಕ್ಕೆ ಮುಖ ಇರ್ತಿತ್ತಾ ನಿಮಗೆ?" ಅವಳು ಕಾಫಿಯ ಲೋಟ ಅವನ ಮುಂದಿಟ್ಟಳು. "ಇಷ್ಟು ವರ್ಷ ಊಟಕ್ಕೆ ಕೂತಾಗ ಉಪ್ಪು ತೆಗೀತೀರಲ್ಲ, ಆ ಗೆರಟೆ ಯಾವುದು ಅಂತ ಮಾಡಿದ್ದೀರಿ?"

ಲೋಕನಾಥ ಕಾಫಿಯ ಲೋಟವನ್ನು ಆಚೆ ಸರಿಸಿ ಅವಳ ಕಡೆ ತಿರುಗಿದ.

"ಕುಸುಮ..."

"ಎಂತ?"

"ಕಳ್ಳ ನಾನಲ್ಲ. ಕಳ್ಳಿ ನೀನು."

"ಅದನ್ನು ನೆಂಟರಿಗೆ ಗಟ್ಟಿಯಾಗಿ ಹೇಳಿ," ಎಂದು ಅವನ ಪಕ್ಕದಲ್ಲೇ ಕೂತಳು. "ಈ ಕಥೆಯಲ್ಲಿ ನೀವು ಹೇಳಿದ್ದು ಅದೊಂದಾದರೂ ನಿಜ ಇರಲಿ."