ಗೂಟ ಎರಡು, ಹಗ್ಗ ಒಂದು

ಮುದುಕನ ಗಂಟಲನ್ನು ಸಾಕಿದ ನಾಯಿಯೇ ಹರಿದುಹಾಕಿತ್ತು. ಹಿತ್ತಲಿನ ಕಲ್ಲುಚಪ್ಪಡಿಯ ಮೇಲೆ ಗಾಲಿಕುರ್ಚಿ, ಕುರ್ಚಿಯಲ್ಲಿ ಹೆಣ. ಕಾಲೂ ಮಾತೂ ಬಿದ್ದುಹೋಗಿ ಮೂರು ವರ್ಷವಾಗಿತ್ತು. ಕೈಯಲ್ಲಷ್ಟೇ ಅಷ್ಟಿಷ್ಟು ಜೀವ. ಅದಕ್ಕಿಂತ ಸಲೀಸಾದ ಬೇಟೆ ಯಾವ ನಾಯಿಗೆ ಸಿಕ್ಕೀತು!

"ಇವಳದೇ ಕೆಲಸ ಮೇಡಂ," ಇನ್ಸ್‌ಪೆಕ್ಟರಮ್ಮನಿಗೆ ಅಂದ ಮಗ. ಬಡಗಿ. ಅಂಡಾಕಾರದ ಮೇಜು ಮಾಡುವುದರಲ್ಲಿ ಎತ್ತಿದ ಕೈ. "ಕುರ್ಚೀನ ನಾಯಿ ಬಾಯಿಗೆ ತಳ್ಳಿ ತಾನು ಅಡುಗೆಮನೆ ಸೇರ್ಕೊಂಡಿದಾಳೆ. ಒಳಗೆ ಹಾಕಿ."

ಮುದುಕನನ್ನು ನೋಡಿಕೊಳ್ಳುತ್ತಿದ್ದ ಆಯಾ ಕೈಮುಗಿದಳು. "ಇಲ್ಲಮ್ಮಾ! ದಿನಾ ಕೂರಿಸೋ ಚಪ್ಪಡಿ ಮೇಲೇ ಕೂರಿಸಿದ್ದು. ನಾಯಿಗೆ ಆ ಜಾಗ ಯಾವತ್ತೂ ಎಟುಕಿಲ್ಲ. ಇವತ್ತು ತಾತ ಆಚೆ ಬರಲ್ಲ ಅಂತ ಹಟ ಬೇರೆ ಮಾಡಿದ್ರು..."

"ಕಥೆ ಕಟ್ಟಬೇಡ!" ಮಗ ಗದರಿದ.

*

ನಾಯಿಯನ್ನು ಕೋಣೆಗೆ ಕೂಡಿದ ಮೇಲೆ ಇನ್ಸ್‌ಪೆಕ್ಟರಮ್ಮ ಹಿತ್ತಲಿಗಿಳಿದಳು. ಎರಡು ಕಬ್ಬಿಣದ ಗೂಟ. ಹಗ್ಗದ ಒಂದೊಂದು ತುದಿ ಒಂದೊಂದು ಗೂಟಕ್ಕೆ. ಹಗ್ಗದುದ್ದಕ್ಕೂ ಜಾರುವ ಬಳೆ. ಆ ಬಳೆಗೆ ನಾಯಿಯ ಕೊರಳಪಟ್ಟಿ.

"ಹಗ್ಗ ಹತ್ತು ಮೀಟರ್ ಮೇಡಂ," ಅಂದ ಪೇದೆ. "ಹಳೇದೇ. ಗಂಟಿನ ಕೊಳೆ ಕೂಡ ಅಲುಗಿಲ್ಲ."

ಅವಳು ಬಳೆ ಹಿಡಿದು ಹಗ್ಗ ಬಿಗಿಯಾಗುವಷ್ಟು ಎಳೆದು ನಡೆದಳು. ಚಪ್ಪಡಿ ಎಟುಕಿತು. ಅರ್ಧ ಮೀಟರ್ ಆಚೆಗೂ ಹೋಯಿತು. ಮಗನ ಮುಖ ಅರಳಿತು. ಆಯಾ ನೆಲದ ಮೇಲೆ ಕೂತುಬಿಟ್ಟಳು. ಸುಳ್ಳಿ ಸಿಕ್ಕಿಬಿದ್ದಳು ಅಂತ ಪೇದೆ ಕೋಳ ತೆಗೆದೇಬಿಟ್ಟ.

"ತಡಿಯಪ್ಪಾ, ಅವಸರ ಬೇಡ."

ನೆಲದಲ್ಲಿ ನಾಯಿ ಸುತ್ತಿ ಸುತ್ತಿ ಸವೆದ ಜಾಡಿತ್ತು. ಅಂಡಾಕಾರ. ಚಪ್ಪಡಿಯ ಸುತ್ತ ಮಾತ್ರ ಹುಲ್ಲು ಹಾಗೇ ನಳನಳಿಸುತ್ತಿತ್ತು. ಜಾಡನ್ನು ಅಳೆಸಿದಳು. ಉದ್ದ ಹತ್ತು ಮೀಟರ್, ಅಗಲ ಆರು. ಕಡ್ಡಿ ತಗೊಂಡು ಮಣ್ಣಿನ ಮೇಲೆ ಏನೋ ಗೀಚಿ, ಎದ್ದು ಕೈ ಕೊಡವಿದಳು.

*

"ನಿಮ್ಮ ಮೇಜುಗಳು ಚೆನ್ನಾಗಿವೆ," ಅಂದಳು ಮಗನಿಗೆ. "ಆಕಾರ ಹೇಗೆ ಗುರುತು ಮಾಡ್ತೀರಿ?"

ಹೊಗಳಿಕೆಗೆ ಉಬ್ಬಿಹೋದ. "ಏನ್ಮಹಾ ಮೇಡಂ! ಎರಡು ಮೊಳೆ, ಒಂದು ದಾರ. ದಾರ ಬಿಗಿ ಹಿಡಿದು ಪೆನ್ಸಿಲ್ ಸುತ್ತಿಸೋದು. ಮೊಳೆ ಹತ್ತಿರ ತಂದ್ರೆ ಅಗಲ ಆಗತ್ತೆ, ಉದ್ದ ಅಷ್ಟೇ ಇರತ್ತೆ."

"ಗೂಟದ್ದೂ ಅದೇ ಲೆಕ್ಕ ಅಲ್ವೇನೋ?"

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಜಾಡಿನ ಉದ್ದದ ಅರ್ಧ ಐದು. ಅಗಲದ ಅರ್ಧ ಮೂರು. ಎಕ್ಸ್ ವರ್ಗವನ್ನ ಇಪ್ಪತ್ತೈದರಿಂದ ಭಾಗಿಸು, ವೈ ವರ್ಗವನ್ನ ಒಂಬತ್ತರಿಂದ ಭಾಗಿಸು, ಕೂಡಿದರೆ ಒಂದು. ನಿನ್ನ ನಾಯಿ ವರ್ಷಗಟ್ಟಲೆ ಸುತ್ತಿ ಬರೆದ ಸಮೀಕರಣ ಕಣೋ ಇದು. ಇಪ್ಪತ್ತೈದರಲ್ಲಿ ಒಂಬತ್ತು ಹೋದ್ರೆ ಹದಿನಾರು, ಅಂದ್ರೆ ನಾಲ್ಕರ ವರ್ಗ. ಗೂಟ ನಡುವಿನಿಂದ ನಾಲ್ಕು ಮೀಟರಿಗಿರಬೇಕು. ಈಗಿರೋದು ಮೂರಕ್ಕೆ! ಅದಕ್ಕೇ ನಾಯಿ ಪಕ್ಕಕ್ಕೆ, ಚಪ್ಪಡಿ ಕಡೆಗೆ, ಮೂರು ಮೀಟರ್ ಬದಲು ನಾಲ್ಕು ಹೋಗತ್ತೆ. ಎರಡು ತುದೀಲಿ ಮಾತ್ರ ಎಂದಿನಷ್ಟೇ. ಹಗ್ಗ ಅಳೆದೋರಿಗೆ ಏನೂ ಗೊತ್ತಾಗಲ್ಲ."

ಪೇದೆ ಗೂಟಗಳಿಂದ ಒಂದೊಂದು ಮೀಟರ್ ಹೊರಗೆ ಒಣ ಎಲೆ ಸರಿಸಿ ಸಲಾಕೆ ಚುಚ್ಚಿದ. ಎರಡೂ ಕಡೆ ಗೂಟ ಮೊದಲಿದ್ದ ಗುಳಿ, ಸಡಿಲ ಮಣ್ಣು. ಸರ್ರನೆ ಇಳಿಯಿತು.

"ಮೂರು ವರ್ಷ!" ಮಗ ಕಿರುಚಿದ. "ಸಾಯೋದೇ ಇಲ್ವಲ್ಲ ಮುದಿಯ! ಇನ್ನೆಷ್ಟು ದಿನ ಅವನ ಹೇಲು ಬಾಚಲಿ?"

ಬಾಚುತ್ತಿದ್ದವಳು ಆಯಾ. ಇವನು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದವ.

"ಗೂಟ ಕಿತ್ತಿದ್ದು ಯಾವಾಗ?"

"ನಿನ್ನೆ ಸಂಜೆ. ಇವಳು ಮನೆಗೆ ಹೋದ್ಮೇಲೆ. ಎರಡು ದಿನ ನಾಯಿಗೆ ಏನೂ ಹಾಕಿರಲಿಲ್ಲ."

"ಅಪ್ಪ ಎಲ್ಲಿದ್ರು?"

"ಕಿಟಕಿ ಹತ್ರ. ನೋಡ್ತಾನೇ ಇದ್ದ." ಕೋಳ ಬಿದ್ದ ಮೇಲೂ ಅವನ ತುಟಿಯಲ್ಲಿ ನಗುವಿತ್ತು. "ಮೊಳೆ, ದಾರದ ಕೆಲಸ ನಂಗೆ ಕಲಿಸಿದ್ದೇ ಅವನು. ಅರ್ಥ ಆಗದೇ ಇರತ್ತಾ? ಬಾಯಿ ಇದ್ರೆ ತಾನೇ ಹೇಳೋಕೆ!"

ಅವನನ್ನು ಎಳೆದೊಯ್ದರು.

"ನಿನ್ನ ತಪ್ಪು ಏನೂ ಇಲ್ಲಮ್ಮಾ," ಅಂದಳು ಇನ್ಸ್‌ಪೆಕ್ಟರಮ್ಮ. "ಏಳು, ಮನೆಗೆ ಹೋಗು."

ಆಯಾ ಏಳಲಿಲ್ಲ. ತನ್ನ ಕೈಗಳನ್ನೇ ನೋಡುತ್ತಿದ್ದಳು.

"ಬೆಳಿಗ್ಗೆ ತಾತ ಬಾಗಿಲ ಚೌಕಟ್ಟು ಹಿಡ್ಕೊಂಡುಬಿಟ್ಟಿದ್ರು ಅಮ್ಮಾ. ಹಟ ಅಂದ್ಕೊಂಡೆ. ಬೈದು, ಒಂದೊಂದೇ ಬೆರಳು ಬಿಡಿಸಿದೆ. ಬಿಡಿಸಿ, ನಾನೇ ತಳ್ಕೊಂಡು ಹೋದೆ."