ನಾಲ್ಕು ಮೊಳ ನೂಲು

2025ರ ಫೆಬ್ರುವರಿ 10, ಸೋಮವಾರ. ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ ಕಸ್ತೂರೆವ್ವ ಬೆಟಗೇರಿಯ ಠಾಣೆಯ ಮೆಟ್ಟಿಲು ಹತ್ತಿದಳು. ದೂರು ಕೊಡಲು ಬಂದವರ ಕೈಯಲ್ಲಿ ಅರ್ಜಿ ಇರುತ್ತದೆ. ಅವಳ ಕೈಯಲ್ಲಿ ಕೆಂಪು ನೂಲಿನ ಉಂಡೆ ಇತ್ತು.

ಏನು ಕಳುವಾಗಿದೆ ಎಂದು ಹೆಡ್ ಕಾನ್‌ಸ್ಟೇಬಲ್ ಹುಚ್ಚೀರಪ್ಪ ಕೇಳಿದ.

"ಕಳುವಾಗಿಲ್ರಿ, ಉಳದೈತಿ," ಎಂದಳು. "ನಾಲ್ಕು ಮೊಳ ನೂಲು ಉಳದೈತಿ. ಅದಕ್ಕ ಬಂದೀನಿ."

ಬಾಗಿಲಲ್ಲಿ ಪಹರೆಗಿದ್ದ ಕಾನ್‌ಸ್ಟೇಬಲ್ ಮುತ್ತಣ್ಣನಿಗೆ ನಗು ತಡೆಯಲಾಗಲಿಲ್ಲ. "ಉಳದಿದ್ದಕ್ಕ ಕಂಪ್ಲೇಂಟ್ ಕೊಡಾಕ ಬಂದೋರು ನೀವ ಮೊದಲನೇದವ್ರು ನೋಡ್ರಿ ಅತ್ತಿ."

ಹುಚ್ಚೀರಪ್ಪ ನಗಲಿಲ್ಲ. ಅವನು ಬೆಟಗೇರಿಯ ನೇಕಾರರ ಓಣಿಯಲ್ಲೇ ಹುಟ್ಟಿದವನು. ಮಗ್ಗದ ಮುಂದೆ ನಲವತ್ತು ವರ್ಷ ಕೂತ ಹೆಂಗಸು ಬೇರೆ ಯಾವುದರ ಬಗ್ಗೆ ಸುಳ್ಳು ಹೇಳಿದರೂ ನೂಲಿನ ಬಗ್ಗೆ ಹೇಳುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವಳನ್ನು ಪಿಎಸ್‌ಐ ಅನುರಾಧಾ ಅವರ ಮುಂದೆ ಕೂರಿಸಿದ.

ಕಸ್ತೂರೆವ್ವ ಹೇಳಿದ್ದು ಇಷ್ಟು. ಕಳಸಾಪುರ ರಸ್ತೆಯಲ್ಲಿ ನೇಕಾರರ ಗೃಹ ನಿರ್ಮಾಣ ಸಂಘ ಒಂದು ಬಡಾವಣೆ ಮಾಡಿದೆ. ಮೂರು ವರ್ಷದ ಹಿಂದೆ ಅವಳಿಗೆ ಅಲ್ಲಿ ಮೂವತ್ತು ಫೂಟು ಅಗಲ, ನಲವತ್ತು ಫೂಟು ಉದ್ದದ ಒಂದನೇ ನಂಬರಿನ ನಿವೇಶನ ಸಿಕ್ಕಿತು. ಹಕ್ಕುಪತ್ರ ಕೊಟ್ಟ ದಿನ ನಾಲ್ಕೂ ಗಡಿಕಲ್ಲುಗಳಿಗೆ ಅರಿಶಿಣ ಹಚ್ಚಿ, ಸುತ್ತಲೂ ಒಂದು ಎಳೆ ನೂಲು ಸುತ್ತಿದಳು. ತುದಿಗೆ ತುದಿ ಮುಟ್ಟಿದ ಕಡೆ ಕತ್ತರಿಸಿ, ಉಂಡೆ ಮಾಡಿ ಹಕ್ಕುಪತ್ರದ ಜೊತೆ ಇಟ್ಟಳು. ಹೊಸ ಮನೆಯ ಮಗ್ಗದಲ್ಲಿ ನೇಯುವ ಮೊದಲ ಸೀರೆಯ ಅಂಚಿಗೆ ಆ ಎಳೆ ಸೇರಿಸಬೇಕೆಂಬ ಆಸೆ. ಹೋದ ವಾರ ಬುನಾದಿಯ ಗುರುತು ಹಾಕಲು ಬಂದ ಎಂಜಿನಿಯರ್, ಈ ಜಾಗದಲ್ಲಿ ಮಗ್ಗದ ಕೋಣೆ ಹಿಡಿಯುವುದಿಲ್ಲ, ಅದನ್ನು ಬಿಟ್ಟು ಕಟ್ಟು ಎಂದ. ಅವಳಿಗೆ ನಂಬಿಕೆ ಬರಲಿಲ್ಲ. ಅದೇ ನೂಲನ್ನು ಅದೇ ಕಲ್ಲುಗಳಿಗೆ ಮತ್ತೆ ಸುತ್ತಿದಳು. ನಾಲ್ಕು ಮೊಳ ಉಳಿಯಿತು.

"ನೂಲು ಹಿಗ್ಗಿರಬೇಕು," ಎಂದರು ಅನುರಾಧಾ.

"ಹತ್ತಿ ನೂಲು ಕುಗ್ಗತೈತ್ರಿ ಮೇಡಂ. ಹಿಗ್ಗಂಗಿಲ್ಲ. ಕುಗ್ಗಿದ್ದು ನನ್ನ ಜಾಗ."

ಮನೆಯ ಜೊತೆಗೆ ಮಗ್ಗದ ಕೋಣೆಯೂ ಇರಬೇಕು ಎಂಬ ಕರಾರಿನ ಮೇಲೆ ಅವಳಿಗೆ ಸರ್ಕಾರದ ಸಹಾಯ ಮಂಜೂರಾಗಿತ್ತು. ಮಾರ್ಚ್ ಮುಗಿಯುವುದರೊಳಗೆ ನಕ್ಷೆಯ ಪ್ರಕಾರ ಬುನಾದಿ ಏಳದಿದ್ದರೆ ಮಂಜೂರಾತಿ ರದ್ದು. ಈಗಿರುವ ಬಾಡಿಗೆ ಮನೆಯನ್ನು ಯುಗಾದಿಗೆ ಖಾಲಿ ಮಾಡಬೇಕು. ಮಾಲೀಕ ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾನೆ. ಮಗ್ಗ ಇಡಲು ಅವಳಿಗೆ ಬೇರೆ ಜಾಗವೇ ಇಲ್ಲ.

ನೂಲು ಸುತ್ತಿದಾಗ ಯಾರಿದ್ದರು ಎಂದು ಅನುರಾಧಾ ಕೇಳಿದರು.

"ನಮ್ಮ ಸಂಘದ ಕಾರ್ಯದರ್ಶಿ ಗೋವಿಂದಣ್ಣ. ನೂಲಿನ ಒಂದು ತುದಿ ಹಿಡಕೊಂಡಾವ ಅವನ. ಬೇಕಾರ ಅವನ್ನ ಕೇಳ್ರಿ."

ಮಧ್ಯಾಹ್ನ 3 ಗಂಟೆಗೆ ಅನುರಾಧಾ ಸ್ಥಳಕ್ಕೆ ಹೋಗಿ ಟೇಪು ಹಿಡಿಸಿದರು. ಮೂವತ್ತು ಫೂಟು ಇರಬೇಕಾದ ಕಡೆ ಇಪ್ಪತ್ತೇಳೇ ಇತ್ತು. ಎರಡು ಬದಿ ಮೂರು ಮೂರು ಫೂಟು, ಒಟ್ಟು ಆರು. ಆರು ಫೂಟೆಂದರೆ ಸರಿಯಾಗಿ ನಾಲ್ಕು ಮೊಳ. ಮುತ್ತಣ್ಣ ಟೇಪು ಸುತ್ತಿಕೊಳ್ಳುತ್ತ ಕಸ್ತೂರೆವ್ವನ ಕಡೆ ನೋಡಲಾರದೆ ನೆಲ ನೋಡಿದ. ಸಂಜೆ 5.45ಕ್ಕೆ ವಂಚನೆ ಮತ್ತು ಗಡಿಗುರುತು ಬದಲಿಸಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು.

ಮರುದಿನ, 11ರಂದು ಬೆಳಿಗ್ಗೆ 9.30ಕ್ಕೆ ಸರ್ವೇಯರ್ ಜಾವೀದ ಮತ್ತು ಇಬ್ಬರು ಪಂಚರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಕಳಸಾಪುರ ರಸ್ತೆಯ ಎರಡೂ ಬದಿಗೆ ಈಗ ಹೊಲಕ್ಕಿಂತ ಬಡಾವಣೆಗಳೇ ಹೆಚ್ಚು. ಬಣ್ಣದ ಪತಾಕೆ ಕಟ್ಟಿದ ಕಮಾನು, ಒಳಗೆ ಕೆಂಪು ಗರಸಿನ ರಸ್ತೆ, ಅದರಾಚೆ ಜಾಲಿ ಬೆಳೆದ ಖಾಲಿ ಜಾಗ. ನೇಕಾರರ ಬಡಾವಣೆಗೆ ಕಮಾನು ಇರಲಿಲ್ಲ. ಆದರೆ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇತ್ತು, ಗಟಾರ ಇತ್ತು, ಉದ್ಯಾನಕ್ಕೆ ಬಿಟ್ಟ ಜಾಗವೂ ಇತ್ತು. ಅದನ್ನೆಲ್ಲ ಮಾಡಿಸಿದವರು ಸಂಘದ ಕಾರ್ಯದರ್ಶಿ ಗೋವಿಂದಪ್ಪ ಎಂಬುದು ಊರಿಗೇ ಗೊತ್ತು.

ಜಾವೀದ ಪ್ರಾಧಿಕಾರದಿಂದ ತಂದ ಮೂಲ ನಕ್ಷೆ ಬಿಚ್ಚಿದ. ಆ ಸಾಲಿನಲ್ಲಿ ಹತ್ತು ನಿವೇಶನ. ನೆಲದ ಮೇಲೆ ಎಣಿಸಿದರೆ ಹನ್ನೊಂದು.

"ಒಬ್ಬೊಬ್ಬರದು ಮೂರು ಮೂರು ಫೂಟು ಕತ್ತರಿಸ್ಯಾರ ಮೇಡಂ," ಎಂದ. "ಹತ್ತು ಮೂರ್ಲೆ ಮೂವತ್ತು. ಒಂದು ಪ್ಲಾಟು ಪುಕ್ಕಟೆ ಹುಟ್ಟೇತಿ."

ಮೂಲ ಸಾಲಿಗೆ ಇಪ್ಪತ್ತೆರಡು ಕಲ್ಲು ಸಾಕು. ಅಲ್ಲಿ ಇಪ್ಪತ್ನಾಲ್ಕು ನಿಂತಿದ್ದವು. ಇಪ್ಪತ್ತೆರಡು ಒಂದೇ ಗಣಿಯವು, ಮಷಿನ್ನಿನಲ್ಲಿ ಕೊಯ್ದವು. ಹತ್ತನೇ ಮತ್ತು ಹನ್ನೊಂದನೇ ನಿವೇಶನದ ನಡುವಿನ ಎರಡು ಮಾತ್ರ ಹಳೆಯವು, ಕೈಯಿಂದ ಕೆತ್ತಿದವು. ಅವಕ್ಕೂ ಸುಣ್ಣ ಬಳಿದು ನಂಬರು ಬರೆದಿದ್ದರು. ಬೇರೆ ಬಗೆಯ ಎರಡು ಕಲ್ಲು, ತಲೆಯ ಹತ್ತಿರ ಅಡ್ಡ ಗೆರೆಗಳಿವೆ ಎಂದು ಅನುರಾಧಾ ಹೇಳುತ್ತಾ ಹೋದರು, ಹುಚ್ಚೀರಪ್ಪ ಬರೆಯುತ್ತಾ ಹೋದ.

ಸುಣ್ಣದ ಕೆಳಗಿನ ಆ ಗೆರೆಗಳ ಮೇಲೆ ಅವನ ಹೆಬ್ಬೆರಳು ತಾನಾಗಿಯೇ ಓಡಾಡಿತು. ಮೂರು ಗೆರೆ, ಮೇಲಿನದು ಆಳ. ಹಾಸಿನ ಹಗ್ಗ ಉಜ್ಜಿ ಬಿದ್ದ ಗೆರೆ. ನೇಕಾರರು ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಉದ್ದನೆಯ ಎಳೆಗಳನ್ನು ಓಣಿಯುದ್ದ ಬಿಗಿದು ಗಂಜಿ ಹಚ್ಚುವಾಗ ಹಗ್ಗ ಕಟ್ಟುವುದು ಇಂಥ ಕಲ್ಲಿಗೇ. ಎರಡರಲ್ಲಿ ಒಂದರ ತಲೆ ಎಡಕ್ಕೆ ಒಡೆದಿತ್ತು. ಗೋವಿಂದಪ್ಪನವರ ಮನೆಯ ಮುಂದೆ ಅದರ ಮೇಲೆ ಕೂತು ಅವನು ಅಕ್ಷರ ಕಲಿತಿದ್ದ. ಇಪ್ಪತ್ತಾರು ವರ್ಷದ ಹಿಂದೆ ಅವನ ಪೊಲೀಸ್ ನೌಕರಿಯ ಅರ್ಜಿಯನ್ನು ಗೋವಿಂದಪ್ಪ ತುಂಬಿಕೊಟ್ಟಿದ್ದು ಆ ಕಲ್ಲಿನ ಪಕ್ಕದ ಕಟ್ಟೆಯ ಮೇಲೆ.

ಕಲ್ಲುಗಳ ಮೂಲ ತಿಳಿದುಬಂದಿಲ್ಲ ಎಂದು ಪಂಚನಾಮೆಯಲ್ಲಿ ಬರೆದ. ಪಂಚರು ಸಹಿ ಹಾಕಿದರು.

ಸಂಜೆ 6 ಗಂಟೆಗೆ ಡ್ಯೂಟಿ ಮುಗಿಸಿ, ಶರ್ಟು ಬದಲಿಸಿ ಹಳೆಯ ಓಣಿಗೆ ಹೋದ. ಗೋವಿಂದಪ್ಪನವರ ಮನೆಯ ಮುಂದೆ ಕಲ್ಲುಗಳಿರಲಿಲ್ಲ. ಎರಡೂ ಜಾಗದಲ್ಲಿ ಮಲ್ಲಿಗೆಯ ಕುಂಡಗಳಿದ್ದವು. ಗೋವಿಂದಪ್ಪ ಸಂಘದ ಕೆಲಸಕ್ಕೆ ಹೋಗಿದ್ದರು. ಅವರ ಹೆಂಡತಿ ದ್ರಾಕ್ಷಾಯಣಿ ಚಹಾ ಕೊಟ್ಟರು. ಕಲ್ಲು ಎಲ್ಲಿ ಎಂದು ಅವನು ಕೇಳುವ ಮೊದಲೇ ಕುಂಡಗಳನ್ನು ನೋಡುತ್ತಿದ್ದ ಅವನ ಕಣ್ಣನ್ನು ಅವರು ಗಮನಿಸಿದರು.

"ನಿಮ್ಮ ಕಾಕಾ ಹೊಸ ಮನಿಗೆ ಒಯ್ದಾರಪ್ಪ. ನಮಗೂ ಲೇಔಟ್‌ನ್ಯಾಗ ಜಾಗ ಬಂದೈತಿ. ಪಾಯಾ ಹಾಕೂತನಕಾ ಯಾರಿಗೂ ಹೇಳಬ್ಯಾಡ ಅಂದಾರ. ನೀ ಮನೀ ಮಗ, ನಿನಗ ಹೇಳಿದ್ರ ಏನಾತು."

ಅವನು ಚಹಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟು ಎದ್ದ.

12ರಂದು ಬೆಳಿಗ್ಗೆ 9 ಗಂಟೆಗೆ ಅವನು ಅನುರಾಧಾ ಅವರ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಅವರು ಪೆನ್ನು ಕೆಳಗಿಟ್ಟರು.

"ನಿನ್ನಿ ಗೊತ್ತಿತ್ತಲ್ಲ. ಯಾಕ ಬರೀಲಿಲ್ಲ?"

"ಕೈ ಬರಲಿಲ್ರಿ."

"ಇವತ್ತ ಬಂತೇನು?"

"ಬಂತ್ರಿ."

ಅವರು ಒಂದು ಬಿಳಿ ಹಾಳೆ ಅವನತ್ತ ಸರಿಸಿದರು. "ನಿಮ್ಮ ಹೇಳಿಕಿ ನೀವ ಬರೀರಿ. ನಿನ್ನಿ ಯಾಕ ಬಿಟ್ರಿ ಅನ್ನೂದನ್ನೂ ಬರೀರಿ. ಇನ್ನ ಮ್ಯಾಲೆ ನೀವು ಈ ಕೇಸಿನಾಗ ಸಾಕ್ಷಿ, ತನಿಖಿ ಮಾಡೋರಲ್ಲ."

ಮುಂದಿನದು ಬೇಗ ಸಾಗಿತು. 11.40ಕ್ಕೆ ಸಂಘದ ಕಚೇರಿಯಿಂದ ಠರಾವಿನ ಪುಸ್ತಕ ಮತ್ತು ನಕ್ಷೆ ವಶಪಡಿಸಿಕೊಳ್ಳಲಾಯಿತು. ಗೋವಿಂದಪ್ಪ ಅಡ್ಡಿ ಮಾಡಲಿಲ್ಲ. ತಾವೇ ಕಪಾಟು ತೆಗೆದು ಕೊಟ್ಟರು. ಸಂಘದ ನಕ್ಷೆಯಲ್ಲಿ ಆ ಸಾಲಿಗೆ ಹನ್ನೊಂದು ನಿವೇಶನ ಇದ್ದವು. ಬೆಳಕಿಗೆ ಹಿಡಿದು ನೋಡಿದರೆ ಆ ಸಾಲಿನ ಸುತ್ತ ಅಂಟಿಸಿ ಜೆರಾಕ್ಸ್ ಮಾಡಿದ ಚೀಟಿಯ ಅಂಚು ತೆಳ್ಳಗೆ ಕಾಣುತ್ತಿತ್ತು. ಹನ್ನೊಂದನೆಯದರ ಮುಂದೆ ದ್ರಾಕ್ಷಾಯಣಿಯವರ ಹೆಸರು, ತವರಿನ ಅಡ್ಡಹೆಸರಿನೊಂದಿಗೆ. ಅಕ್ಷರ ಗೋವಿಂದಪ್ಪನವರದೇ, ಮುತ್ತಿನಂಥದು.

ಕಲ್ಲು ಕಿತ್ತು ನೆಟ್ಟ ಕೂಲಿಯಾಳು ಸೊರಟೂರಿನ ಕಳಕಪ್ಪ ಮಧ್ಯಾಹ್ನ ಠಾಣೆಗೆ ಬಂದ. ಅಳತೆ ತಪ್ಪಿದೆ, ತಿದ್ದಬೇಕು ಎಂದು ಗೋವಿಂದಪ್ಪ ಹೇಳಿದ್ದರು, ಹಗಲು ಹೊತ್ತಿನಲ್ಲೇ ಮಾಡಿದೆ, ದಾರಿಯಲ್ಲಿ ಹೋಗುವವರು ನೋಡಿ ರಾಮ್ ರಾಮ್ ಹೇಳಿ ಹೋದರು ಎಂದ. "ಗೋವಿಂದಪ್ಪಾರು ಮುಂದ ನಿಂತು ಮಾಡಸಾಕತ್ತಿದ್ರ ಯಾರು ಸಂಶೇ ಪಡ್ತಾರ್ರಿ?" ಅದೂ ನಿಜ. ಬೇರೆ ಯಾರೇ ನಿಂತಿದ್ದರೂ ಆ ಕೆಲಸ ಅರ್ಧ ತಾಸೂ ನಡೆಯುತ್ತಿರಲಿಲ್ಲ.

13ರಂದು ಬೆಳಿಗ್ಗೆ 10.10ಕ್ಕೆ ಗೋವಿಂದಪ್ಪ ತಾವಾಗಿಯೇ ಠಾಣೆಗೆ ಬಂದರು. ಇಸ್ತ್ರಿ ಮಾಡಿದ ಧೋತರ, ಕಂಕುಳಲ್ಲಿ ಛತ್ರಿ. ಸಂಘದ ಕೆಲಸಕ್ಕೆಂದು ಇಪ್ಪತ್ತೆರಡು ವರ್ಷ ಎಲ್ಲ ಕಚೇರಿಗಳಿಗೂ ಅವರು ಹೋಗಿದ್ದು ಹೀಗೆಯೇ. ಉಂಡೆಯನ್ನು ಸಾಕ್ಷ್ಯದ ವಸ್ತುವಾಗಿ ಮುದ್ದೆಮಾಲಿಗೆ ಸೇರಿಸುವ ಸಲುವಾಗಿ ಕಸ್ತೂರೆವ್ವನನ್ನೂ ಅದೇ ಹೊತ್ತಿಗೆ ಕರೆಸಿದ್ದರು. ಅವಳು ಬೆಂಚಿನ ಮೇಲಿದ್ದಳು. ಎದ್ದು ನಿಂತು, ಜಾಗ ಬಿಟ್ಟು, ಮತ್ತೆ ಏನೋ ನೆನಪಾದವಳಂತೆ ಕೂತುಬಿಟ್ಟಳು.

"ಕಲ್ಲು ಸರಿಸಿದ್ದು ಯಾರು?" ಅನುರಾಧಾ ಕೇಳಿದರು.

"ನಾನರಿ."

"ನಕ್ಷೆ?"

"ಅದೂ ನಾನ."

"ಆ ಎರಡು ಕಲ್ಲು ಯಾಕ ಇಟ್ರಿ? ಬ್ಯಾರೆ ತಂದಿದ್ರ ನಾವು ಇಷ್ಟ ಜಲ್ದಿ ಬರ್ತಿರಲಿಲ್ಲ."

"ನನ್ನ ಮನಿ ಮುಂದ ನನ್ನ ಕಲ್ಲು ಇರಲಿ ಅಂತ."

ಉಳಿದದ್ದನ್ನು ಅವರು ನಿಧಾನವಾಗಿ, ವರದಿ ಓದುವವರಂತೆ ಹೇಳಿದರು. ಬಡಾವಣೆಗಾಗಿ ಗದಗ, ಧಾರವಾಡ, ಬೆಂಗಳೂರು ಅಲೆದರು. ಮಗ್ಗದ ಮುಂದೆ ಕೂರಲು ಹೊತ್ತು ಸಿಗದೆ ಅದನ್ನು ಮಾರಿದರು. ಆಮೇಲೆ ನಡೆಯುವ ಮಗ್ಗ ಇದ್ದವರಿಗಷ್ಟೇ ನಿವೇಶನ ಎಂದು ಸಂಘದ ಸಭೆ ಠರಾವು ಮಾಡಿತು. ಆ ಠರಾವನ್ನು ಬರೆದವರು ಅವರೇ. ಅದು ತಮಗೂ ತಾಗುತ್ತದೆ ಎಂದು ಅವರಿಗೆ ಬರೆದ ಮೇಲೆ ಹೊಳೆಯಿತು.

ಕಸ್ತೂರೆವ್ವ ಬೆಂಚಿನಿಂದಲೇ ಹೇಳಿದಳು, "ಅಣ್ಣಾ, ನೂಲಿನ ತುದಿ ಹಿಡಿದಾವ ನೀನ. ನನ್ನ ಮಗ್ಗಕ್ಕ ಕುಣಿ ತೋಡು ಜಾಗ ಯಾವುದು ಅಂತ ತೋರಿಸಿದಾವನೂ ನೀನ. ಅದನ್ನ ಕತ್ತರಿಸಿದ್ಯಲ್ಲ. ಬಾಯಿ ಬಿಟ್ಟು ಕೇಳಿದ್ರ ಎಲ್ಲಾರೂ ಕೂಡಿ ಏನರ ಮಾಡತಿದ್ದಿವಿ."

ಗೋವಿಂದಪ್ಪ ಅವಳ ಕಡೆ ತಿರುಗಿದರು. "ಪ್ಲಾಟು ಸಿಕ್ಕೋರ ಯಾದಿ ಓದಿದ ದಿನ ನೆನಪೈತೇನ್ ತಂಗಿ? ಕಡೀ ಹೆಸರು ಓದಿ, ಕಾಗದ ಹಿಡಕೊಂಡು ಹಂಗ ನಿಂತಿದ್ದೆ. ಯಾರರ ಒಬ್ರು, ನಿನ್ನ ಹೆಸರೆಲ್ಲೈತಿ ಗೋವಿಂದಪ್ಪ ಅಂತಾರ ಅಂತ." ಛತ್ರಿಯನ್ನು ಬೆಂಚಿಗೆ ಒರಗಿಸಿ ಹೇಳಿದರು, "ನೀವೆಲ್ಲಾ ಚಪ್ಪಾಳಿ ಹೊಡದ್ರಿ."

ಕಸ್ತೂರೆವ್ವ ತನ್ನ ಅಂಗೈಗಳನ್ನು ನೋಡಿಕೊಂಡಳು. ಆ ದಿನ ಮುಂದಿನ ಸಾಲಿನಲ್ಲೇ ಕೂತಿದ್ದಳು. ಆದರೂ ಉಂಡೆಯನ್ನು ಮೇಜಿನ ಮೇಲಿಟ್ಟು, ಗುರುತಿಸಿದ್ದೇನೆ ಎಂದು ಹೇಳಿ ಸಹಿ ಹಾಕಿದಳು.

11.05ಕ್ಕೆ ದಸ್ತಗಿರಿ ದಾಖಲಾಯಿತು. ಮನೆಯವರಿಗೆ ಸುದ್ದಿ ಮುಟ್ಟಿಸಬೇಕಾಗಿತ್ತು. ಸಾಕ್ಷಿಯಾದವನು ಹೋಗುವುದು ಬೇಡ ಎಂದು ಅನುರಾಧಾ ಮುತ್ತಣ್ಣನನ್ನು ಕಳಿಸಿದರು. ಹುಚ್ಚೀರಪ್ಪ ತಾನು ಬರೆದ ಹೇಳಿಕೆಯನ್ನು ಫೈಲಿಗೆ ಸೇರಿಸುತ್ತಿದ್ದಾಗ ಬಾಗಿಲ ಹತ್ತಿರ ಗೋವಿಂದಪ್ಪ ಒಂದು ಕ್ಷಣ ನಿಂತರು.

"ಗೆರಿ ನೋಡಿ ಗುರ್ತಾ ಹಿಡದಿ?"

"ಹೌದ್ರಿ ಕಾಕಾ."

"ಛಲೋ ಆತು. ಬ್ಯಾರೆ ಯಾರಿಗೂ ಗೊತ್ತಾಗತಿರಲಿಲ್ಲ," ಎಂದು ಜೀಪು ಹತ್ತಿದರು.

ಮಾರ್ಚ್ 14ರಂದು ಪ್ರಾಧಿಕಾರದ ಆದೇಶದಂತೆ ಜಾವೀದ ಹತ್ತು ನಿವೇಶನಗಳ ಗಡಿಯನ್ನು ಮತ್ತೆ ಗುರುತಿಸಿದ. ಕಸ್ತೂರೆವ್ವನ ಬುನಾದಿ 26ಕ್ಕೆ ಎದ್ದಿತು, ಮಗ್ಗದ ಕೋಣೆಯೂ ಸೇರಿ. ಈಗ ಮನೆಯೂ ಮುಗಿದಿದೆ, ನೂಲು ಮಾತ್ರ ಇನ್ನೂ ನ್ಯಾಯಾಲಯದಲ್ಲಿದೆ. ಅದು ಬಂದ ಮೇಲೆಯೇ ಮೊದಲ ಸೀರೆ ನೇಯುತ್ತೇನೆ ಎಂದು ಅವಳು ಮಗ್ಗಕ್ಕೆ ಬಟ್ಟೆ ಮುಚ್ಚಿ ಕೂತಿಲ್ಲ. ಹೊಟ್ಟೆಪಾಡು ಕಾಯುವುದಿಲ್ಲ. ನೇಯುತ್ತಿದ್ದಾಳೆ, ಬೇರೆ ನೂಲಿನಲ್ಲಿ.

ಎರಡು ಹಾಸಿನ ಕಲ್ಲುಗಳು ಮುದ್ದೆಮಾಲಿನ ಚೀಟಿ ಕಟ್ಟಿಸಿಕೊಂಡು ಠಾಣೆಯ ಹಿತ್ತಲಲ್ಲಿ ಬಿದ್ದಿವೆ. ಪರೇಡಿಗೆ ಹೋಗುವ ಮುನ್ನ ಕಾನ್‌ಸ್ಟೇಬಲ್‌ಗಳು ಅವುಗಳ ಮೇಲೆ ಕೂತು ಬೂಟಿನ ಲೇಸು ಕಟ್ಟಿಕೊಳ್ಳುತ್ತಾರೆ. ಹುಚ್ಚೀರಪ್ಪ ನಿಂತೇ ಕಟ್ಟಿಕೊಳ್ಳುತ್ತಾನೆ.